ಬಿವಿಎಗೆ (ಚಿತ್ರಕಲೆ, ಶಿಲ್ಪಕಲೆ ಓದೋ ಡಿಗ್ರಿ) ಸಾಲ ಮಾಡಿ ಓದಿಸಿದ್ರೆ ತೀರಿಸೋಕಾಗುತ್ತಾ? ಅನುಭವ ಇದ್ದೋರು ಹೇಳಿ

ತಿಪಟೂರು ಅಪ್ಪ:
ಮಗಳು ಪಿಯುಸಿ ಮುಗಿಸಿದಾಳೆ, ಬಿವಿಎ ಬಿಟ್ರೆ ಬೇರೆ ಏನೂ ಓದಲ್ಲ ಅಂತ ಹಟ. ಬೆಂಗಳೂರಲ್ಲಿ ಖಾಸಗಿ ಕಾಲೇಜಲ್ಲಿ ಸೀಟ್ ಸಿಗುತ್ತೆ, ಫೀಸು ಹಾಸ್ಟೆಲ್ ಸೇರಿ ವರ್ಷಕ್ಕೆ ಎರಡೂವರೆ ಲಕ್ಷ. ಬ್ಯಾಂಕಿನವರು ಏಳೂವರೆ ಲಕ್ಷದ ತನಕ ಅಡಮಾನ ಬೇಡ ಅಂತಿದಾರೆ. ಮೈಸೂರಿನ ಸರ್ಕಾರಿ ಕಲಾ ಕಾಲೇಜು ಕಾವಾಗೂ ಅರ್ಜಿ ಹಾಕಿದೀವಿ. ನಮ್ದು ತೆಂಗಿನ ತೋಟ ಅಷ್ಟೆ. ಓದಿ ಮುಗಿಸಿದ್ಮೇಲೆ ಸಂಬಳ ಎಷ್ಟು ಬರುತ್ತೆ?

ಕ್ಯಾನ್ವಾಸ್ ಕೈದಿ:
ಸಾರ್ ಸಂಬಳ ಆಮೇಲೆ, ಮೊದ್ಲು ಬಡ್ಡಿ ಕೇಳಿ. ನಂದು ಆರೂವರೆ ಲಕ್ಷ ಸಾಲ, ಬಡ್ಡಿ ಹತ್ತೂವರೆ ಪರ್ಸೆಂಟ್. ಕೋರ್ಸ್ ನಾಲ್ಕು ವರ್ಷ, ಅದ್ರ ಮೇಲೆ ಒಂದು ವರ್ಷ ಏನೂ ಕಟ್ಟಂಗಿಲ್ಲ ಅಂತ ಮ್ಯಾನೇಜರ್ ನಗ್ತಾ ಹೇಳಿದ್ರು. ಕಟ್ಟಂಗಿಲ್ಲ ಅಷ್ಟೆ, ಬಡ್ಡಿ ಸುಮ್ನಿರುತ್ತಾ? ಮೊದಲನೇ ಕಂತು ಕಾಲೇಜಿಗೆ ಹೋದ ದಿನದಿಂದಲೇ ಏರ್ತಿತ್ತು. ಐದು ವರ್ಷ ಆದ್ಮೇಲೆ ಸ್ಟೇಟ್‌ಮೆಂಟ್ ತೆಗ್ಸಿದ್ರೆ 8 ಲಕ್ಷ 90 ಸಾವಿರ ಚಿಲ್ರೆ. ಹತ್ತು ವರ್ಷಕ್ಕೆ ಹಾಕ್ಸಿದ್ದಕ್ಕೆ ಇಎಂಐ 12 ಸಾವಿರ ಬಂತು. ಇಂಟೀರಿಯರ್ ಆಫೀಸಲ್ಲಿ ನನ್ನ ಮೊದಲ ಸಂಬಳ 16 ಸಾವಿರ, ಪಿಜಿ ಬಾಡಿಗೆಗೇ ಏಳು ಹೋಗ್ತಿತ್ತು. ಲೆಕ್ಕ ನೀವೇ ಹಾಕ್ಕೊಳ್ಳಿ. ಅಪ್ಪ ಕೋ-ಅಪ್ಲಿಕೆಂಟು ಅಂದ್ರೆ ಸಾಲದಲ್ಲಿ ಜೊತೆ ಅರ್ಜಿದಾರ, ಕಂತು ತಪ್ಪಿದ್ದಕ್ಕೆ ಅವ್ರ ಸಿಬಿಲ್ಲೂ (ಸಾಲ ಸರಿಯಾಗಿ ಕಟ್ತಾರಾ ಅನ್ನೋದಕ್ಕೆ ಕೊಡೋ ಸ್ಕೋರು) ಬಿದ್ದು ಟ್ರಾಕ್ಟರ್ ಲೋನ್ ರಿಜೆಕ್ಟ್ ಆಯ್ತು. ಇನ್ನು ಪ್ರಿಂಟ್‌ಮೇಕಿಂಗ್ (ಪ್ಲೇಟಲ್ಲಿ ಚಿತ್ರ ಕೆತ್ತಿ ಅಚ್ಚು ಹಾಕೋ ಕಲೆ) ತಗೊಂಡಿದ್ದಕ್ಕೆ ಜಿಂಕ್ ಪ್ಲೇಟು, ಇಂಕು, ಒಳ್ಳೆ ಪೇಪರು ಎಲ್ಲಾ ಕೈಯಿಂದ. ಬ್ಯಾಂಕಿಗೆ ಬಿಲ್ ಕೊಡಿ ಅಂತಾರೆ, ನಾವು ಪ್ಲೇಟ್ ತರೋ ಅಂಗಡಿಯವನು ಬಿಲ್ ಅಂದ್ರೆ ಮುಖ ನೋಡ್ತಿದ್ದ.

ಕಾವಾ ಹಳೇ ಹುಲಿ:
ಖಾಸಗಿ ಕಾಲೇಜಿಗೆ ಹೋಗಿ ದುಡ್ಡು ಸುರಿದು ಆಮೇಲೆ ಅಳೋದು ಯಾಕೋ? ನಾನು ಸರ್ಕಾರಿ ಫೀಸಲ್ಲಿ ಓದಿದೋನು, ಸಾಲ ಅಂತ ಒಂದು ರೂಪಾಯಿ ಇಲ್ಲ. ದಸರಾ ಬಂದ್ರೆ ಜಂಬೂಸವಾರಿ ಸ್ತಬ್ಧಚಿತ್ರಗಳ ಕೆಲಸ, ರಾತ್ರಿಯೆಲ್ಲಾ ಥರ್ಮಾಕೋಲ್ ಕೊರೆದು ಪೇಂಟ್ ಹೊಡೆದು ಮೆಸ್ ಬಿಲ್ ಕಟ್ಟಿದೀನಿ. ಆಮೇಲೆ ಮೈಸೂರು ಸಾಂಪ್ರದಾಯಿಕ ಚಿತ್ರ ಕಲಿತೆ, ಗೆಸ್ಸೊ (ಉಬ್ಬು ಕೆಲಸಕ್ಕೆ ಹಾಕೋ ಪೇಸ್ಟು) ಎಳೆದು ಚಿನ್ನದ ರೇಕು ಅಂಟ್ಸೋದು. ಒಂದು ರಾಮ ಪಟ್ಟಾಭಿಷೇಕಕ್ಕೆ ತಿಂಗಳುಗಟ್ಲೆ ಕೂರ್ಬೇಕು, ಆದ್ರೆ ಗಿರಾಕಿ ಬೇಜಾರಿಲ್ದೆ ದುಡ್ಡು ಕೊಡ್ತಾನೆ. ಹೌದು, ಡ್ರಾಯಿಂಗ್ ಮಾಸ್ಟರ್ ಪೋಸ್ಟ್ ಕರೀತಾರೆ ಅಂತ ಕಾದು ಕಾದು ವಯಸ್ಸಾಯ್ತು, ಈಗ್ಲೂ ಒಂದು ಸ್ಕೂಲಲ್ಲಿ ಅತಿಥಿ ಶಿಕ್ಷಕ. ಆದ್ರೂ ಯಾರ ಹತ್ರಾನೂ ಕೈ ಚಾಚಿಲ್ಲ.

ಕ್ಯಾನ್ವಾಸ್ ಕೈದಿ:
ಎಲ್ರಿಗೂ ಕಾವಾ ಸೀಟ್ ಸಿಗುತ್ತಾ ಗುರು? ಅದಕ್ಕೂ ಆಯ್ಕೆ ಪರೀಕ್ಷೆ ಇದೆ. ಅತಿಥಿ ಶಿಕ್ಷಕರ ಗೌರವಧನ ಎಷ್ಟು ತಿಂಗಳಿಗೊಮ್ಮೆ ಬರುತ್ತೆ ಅನ್ನೋದನ್ನೂ ಬರೀಬೇಕಿತ್ತು.

ಗದಗಿನಾಕಿ:
ನಿಮ್ಮಿಬ್ಬರದೂ ಆತಲ್ರೀ, ಈಗ ನಂದು ಕೇಳ್ರಿ. ಪೇಂಟಿಂಗ್ ಮಾರಿ ಸಾಲ ತೀರಿಸ್ತೀನಿ ಅಂದಾಕಿ ನಾನು. ಚಿತ್ರಸಂತೆ ಅಂತ ಬೆಂಗಳೂರಿಗೆ ಹೋದೆ, ಕುಮಾರಕೃಪಾ ರಸ್ತೆ ತುಂಬ ಮಂದಿ, ಕಾಲಿಡಾಕ ಜಾಗ ಇಲ್ಲ. ಮಂದಿ ಬರ್ತಾರ, ಸೆಲ್ಫಿ ತಗೋತಾರ, "ಇದನ್ನ ಮನ್ಯಾಗ ಮಾಡಬಹುದು" ಅಂತ ನನ್ನ ಮುಂದನ ಅಂದು ಹೋಗ್ತಾರ. ಎರಡು ಅಡಿ ಮೂರು ಅಡಿದ ಅಕ್ರಿಲಿಕ್, ಫ್ರೇಮಿಗೇ 1,800 ಕೊಟ್ಟೀನಿ, ಅದಕ್ಕ ಒಬ್ಬಾಂವ "ಸಾವಿರಕ್ಕ ಕೊಡ್ತಿಯೇನ ಅಕ್ಕಾ" ಅಂತ ಕೇಳ್ತಾನ. ಸಂಜಿ ಮಟಾ ನಿಂತು ಮಾರಿದ್ದು ಬರೇ ಸಣ್ಣ ಸಣ್ಣ ವಾಟರ್‌ಕಲರ್, ಫ್ರೇಮ್ ಇಲ್ಲದ್ದು. ದೊಡ್ಡವು ಹಂಗ ವಾಪಸ್, ಬಸ್ಸಿನ್ಯಾಗ ಲಗೇಜ್ ಚಾರ್ಜ್ ಬ್ಯಾರೆ, ಒಂದರ ಗ್ಲಾಸ್ ಹಾವೇರಿ ಹತ್ರ ಒಡೀತು. ಗ್ಯಾಲರಿಗೆ ಕೊಟ್ರ ಮಾರಿದ್ದರಾಗ ಅರ್ಧಾ ಅವರದು. ಈಗ ಮದುವಿ ಮನ್ಯಾಗ ಲೈವ್ ಸ್ಕೆಚ್ ಮಾಡ್ತೀನಿ, ಸೀಸನ್‌ನ್ಯಾಗ ಚಲೋ ಬರ್ತೈತಿ, ಆಷಾಢದಾಗ ಇಎಂಐ ಬಂತಂದ್ರ ಎದಿ ಒಡೀತೈತಿ.

ಪಿಕ್ಸೆಲ್ ಪಾಪಣ್ಣ:
ಎಲ್ರೂ ಅಳ್ತಾ ಕೂತಿದೀರಲ್ಲ. ನಾನು ಅಪ್ಲೈಡ್ ಆರ್ಟ್ (ಜಾಹೀರಾತು, ಡಿಸೈನ್ ವಿಭಾಗ), ನಂದೂ ಎಜುಕೇಷನ್ ಲೋನೇ, ಆಪ್ ಡಿಸೈನ್ ಮಾಡೋ ಯುಐ ಯುಎಕ್ಸ್‌ಗೆ ಬಂದು ನಾಲ್ಕೇ ವರ್ಷದಲ್ಲಿ ಕ್ಲೋಸ್ ಮಾಡಿದೀನಿ. ಹಳೇ ಟ್ಯಾಕ್ಸ್ ಪದ್ಧತಿಲಿ ಇದ್ರೆ ಕಟ್ಟಿದ ಬಡ್ಡಿನ 80ಇ (ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್) ಅಡಿ ಆದಾಯದಲ್ಲಿ ಕಳೀಬಹುದು ಅನ್ನೋದೂ ಇಲ್ಲಿ ಒಬ್ರೂ ಹೇಳ್ಲಿಲ್ಲ. ಹಂಗಂತ ಕಾಲೇಜು ನಂಗೆ ಕೆಲಸ ಕೊಡ್ಸಿಲ್ಲ, ಫಿಗ್ಮಾ ಅನ್ನೋ ಡಿಸೈನ್ ಸಾಫ್ಟ್‌ವೇರ್ ನಾನೇ ಯೂಟ್ಯೂಬ್ ನೋಡಿ ಕಲ್ತಿದ್ದು. ಮಾರ್ಕೆಟ್ ನೋಡ್ಕೊಂಡು ಓದ್ಬೇಕು, ರೇಕು ಅಂಟ್ಸ್ಕೊಂಡು ಕೂರೋದಲ್ಲ.

ಕಾವಾ ಹಳೇ ಹುಲಿ:
ಬಟನ್ ಕಲರ್ ಚೇಂಜ್ ಮಾಡೋದನ್ನ ಕಲೆ ಅಂತ ಯಾರಪ್ಪ ಹೇಳಿದ್ದು ನಿಂಗೆ? ನಮ್ಮ ಪಟ ನೂರು ವರ್ಷ ಗೋಡೆ ಮೇಲಿರುತ್ತೆ. ನಿನ್ನ ಆಪ್ ಮುಂದಿನ ಅಪ್‌ಡೇಟ್‌ಗೆ ಡಿಲೀಟ್.

ಪಿಕ್ಸೆಲ್ ಪಾಪಣ್ಣ:
ಕಲೆ ಅಂದ್ನಾ ನಾನು? ಇಎಂಐ ಅಂದೆ.

ಕ್ಯಾನ್ವಾಸ್ ಕೈದಿ:
ಪಾಪಣ್ಣ, ನೀನು ಸೇರಿದ ಕಾಲ ಬೇರೆ. ನನ್ನ ಬ್ಯಾಚಿನೋರು ಆಡ್ ಏಜೆನ್ಸಿಲಿ ಸ್ಟೋರಿಬೋರ್ಡ್ ಬರೀತಿದ್ರು, ಈಗ ಎಐ ಹತ್ರ ಮಾಡಿಸ್ಕೊಂಡು "ಇದನ್ನ ಸ್ವಲ್ಪ ಕ್ಲೀನ್ ಮಾಡಿ ಕೊಡಿ" ಅಂತ ಕಾಲು ಭಾಗ ರೇಟ್ ಕೊಡ್ತಾರೆ. ಅವ್ರಿಗೂ 80ಇ ಹೇಳು ಹೋಗು, ಟ್ಯಾಕ್ಸ್ ಕಟ್ಟೋವಷ್ಟು ಸಂಬಳ ಇದ್ರೆ ತಾನೇ.

ರಿಟೈರ್ಡ್ ಬ್ಯಾಂಕಿನವ:
ಬ್ಯಾಂಕಿನವರನ್ನ ಬೈಯೋದು ಸುಲಭ. ಓದೋ ಅವಧಿಲಿ ಸರಳ ಬಡ್ಡಿ ಅಷ್ಟೆ ಹಾಕೋದು, ಅದನ್ನ ಆಗಾಗ್ಲೇ ಕಟ್ತಾ ಬಂದ್ರೆ ಸಾಮಾನ್ಯವಾಗಿ 1% ರಿಯಾಯಿತಿನೂ ಸಿಗುತ್ತೆ. ವರ್ಷಕ್ಕೆ ಒಂದು ಸಲ ಕೊಬ್ಬರಿ ಮಾರಿದಾಗ ಕಟ್ಟಿದ್ರೂ ಆ ಬಡ್ಡಿ ಅಸಲಿಗೆ ಸೇರಲ್ಲ. ಮರುಪಾವತಿಗೆ 15 ವರ್ಷ ತನಕ ಅವಕಾಶ ಇದೆ, ಹತ್ತೇ ವರ್ಷಕ್ಕೆ ಹಾಕ್ಸಿ ಅಂತ ಯಾರೂ ಕತ್ತು ಹಿಡಿದಿರ್ಲಿಲ್ಲ. ಸೈನ್ ಮಾಡೋ ಮುಂಚೆ ಓದ್ಬೇಕು.

ಕ್ಯಾನ್ವಾಸ್ ಕೈದಿ:
ನಲವತ್ತು ಪೇಜು ಇಂಗ್ಲಿಷ್ ಅಗ್ರಿಮೆಂಟು, "ಇಲ್ಲಿ ಸೈನ್, ಇಲ್ಲಿ ಸೈನ್, ಬೇಗ ಬೇಗ, ಕ್ಯಾಶ್ ಟೈಮ್ ಮುಗೀತು" ಅಂತ ಪೆನ್ಸಿಲ್ ಟಿಕ್ ಹಾಕ್ಕೊಟ್ಟಿದ್ದು ನಿಮ್ಮಂಥೋರೇ ಸಾರ್. ನಮ್ಮಪ್ಪಂಗೆ ಕನ್ನಡ ಓದೋಕ್ಕೇ ಕನ್ನಡಕ ಬೇಕು.

ತಿಪಟೂರು ಅಪ್ಪ:
ಎಲ್ರಿಗೂ ಥ್ಯಾಂಕ್ಸ್. ಬಡ್ಡಿ ಆಗಾಗ್ಲೇ ಕಟ್ಟೋ ವಿಷ್ಯ ನಮ್ಮ ಬ್ರಾಂಚಲ್ಲಿ ಹೇಳಿರ್ಲಿಲ್ಲ, ಸೋಮವಾರ ಹೋಗಿ ಕೇಳ್ತೀನಿ. ಮಗಳಿಗೆ ಬೇಕಿರೋದು ಪೇಂಟಿಂಗ್ ಅಲ್ಲ, ಶಿಲ್ಪಕಲೆ.

ಕಾವಾ ಹಳೇ ಹುಲಿ:
ಶಿಲ್ಪಕಲೆ ಅಂದ್ರೆ ಖರ್ಚು ಇನ್ನೂ ಮೇಲೆ ಸ್ವಾಮಿ. ಮಣ್ಣು ಸರಿ, ಪ್ಲಾಸ್ಟರ್ ಸರಿ, ಫೈಬರ್ ಕಾಸ್ಟಿಂಗಿಗೆ ಬಂದ್ರೆ ಕೈ ಸುಡುತ್ತೆ, ಕಂಚಿನ ಎರಕದ ಮಾತು ಬಿಡಿ. ಆದ್ರೆ ಊರೂರಲ್ಲಿ ಪುತ್ಥಳಿ ನಿಲ್ಲಿಸೋ ಕಾಲ ಇದು, ಕೆಲಸ ಬಂದ್ರೆ ದೊಡ್ಡ ಆರ್ಡರೇ ಬರುತ್ತೆ.

ಪಿಕ್ಸೆಲ್ ಪಾಪಣ್ಣ:
ಪುತ್ಥಳಿ ಆರ್ಡರ್ ಬರೋದು ಕಂಟ್ರಾಕ್ಟರ್‌ಗೆ, ಕಲಾವಿದಂಗಲ್ಲ. ಬಿಲ್ ಪಾಸ್ ಆಗೋಷ್ಟರಲ್ಲಿ ಎಲೆಕ್ಷನ್ ಬಂದಿರುತ್ತೆ. 3ಡಿ ಮಾಡೆಲಿಂಗ್ ಕಲೀಲಿ.

ಕಾವಾ ಹಳೇ ಹುಲಿ:
ಮತ್ತೆ ಶುರು ಇವ್ನದು.

ಗದಗಿನಾಕಿ:
ನಿಮ್ಮ ಜಗಳ ಮುಗದಿಂದ ಫ್ರೇಮಿನ ಕಟಗಿ ಎಲ್ಲಿ ಅಗ್ಗ ಸಿಗ್ತೈತಿ ಅದನ್ನರ ಹೇಳ್ರಿ, ಈ ಸಲ ನಾನ ಹೊಡ್ಕೋತೀನಿ.

ಕಾವಾ ಹಳೇ ಹುಲಿ:
ಪೈನ್ ತಗೊಳ್ಳಮ್ಮ, ಪ್ಯಾಕಿಂಗ್ ಪೆಟ್ಟಿಗೆ ಒಡೆದು ಮಾರೋರ ಹತ್ರ. ಒಣಗಿದ್ದು ನೋಡಿ ತಗೋ, ಹಸಿ ಇದ್ರೆ ಮಳೆಗಾಲದಲ್ಲಿ ಸೊಟ್ಟ ಆಗುತ್ತೆ. ಅಂಗಡಿ ಮೆಸೇಜ್ ಮಾಡ್ತೀನಿ, ಇಲ್ಲಿ ಹಾಕಿದ್ರೆ ಪಾಪಣ್ಣ ಅದಕ್ಕೂ ಆಪ್ ಮಾಡ್ತಾನೆ.