ಉಪಕರಣಗಳಿಲ್ಲದೆ ಮನೆಯಲ್ಲೇ ಬೆನ್ನನ್ನು ಬಲಪಡಿಸಿಕೊಳ್ಳುವುದು ಹೇಗೆ?

ಪ್ರಶ್ನೆ:
ನಾನು ದಿನಕ್ಕೆ ಎಂಟು ಗಂಟೆಗೂ ಹೆಚ್ಚು ಕಾಲ ಕುಳಿತು ಕೆಲಸ ಮಾಡುತ್ತೇನೆ. ಸಂಜೆಯಾಗುವಷ್ಟರಲ್ಲಿ ಸೊಂಟವೂ ಹೆಗಲುಗಳ ನಡುವಿನ ಭಾಗವೂ ಬಿಗಿದುಕೊಳ್ಳುತ್ತವೆ. ಎರಡು ತಿಂಗಳಿಂದ ಬೆಳಗ್ಗೆ ಎದ್ದ ಕೂಡಲೇ ಮುಂದಕ್ಕೆ ಬಾಗಿ ಕಾಲ್ಬೆರಳುಗಳನ್ನು ಮುಟ್ಟುವ ಅಭ್ಯಾಸ ಮಾಡುತ್ತಿದ್ದೇನೆ. ಆ ಹೊತ್ತಿಗೆ ಹಾಯೆನಿಸಿದರೂ ಸಂಜೆಗೆ ಮತ್ತೆ ಅದೇ ಬಿಗಿತ. ನೋವು ಕಾಲಿಗೆ ಇಳಿಯುವುದಿಲ್ಲ, ಜೋಮೂ ಇಲ್ಲ. ಪರೀಕ್ಷಿಸಿದ ವೈದ್ಯರು ಆತಂಕಪಡುವಂಥದ್ದೇನೂ ಇಲ್ಲ, ವ್ಯಾಯಾಮ ಮಾಡಿ ಎಂದರು. ಜಿಮ್‌ಗೆ ಹೋಗುವ ಅನುಕೂಲ ನನಗಿಲ್ಲ. ಯಾವುದರಿಂದ ಆರಂಭಿಸಲಿ?

ಉತ್ತರ 1:
ಮೊದಲು ಆ ಬೆಳಗಿನ ಬಾಗುವಿಕೆಯನ್ನು ನಿಲ್ಲಿಸಿ. ರಾತ್ರಿ ಮಲಗಿದ್ದಾಗ ಕಶೇರುಗಳ (ಬೆನ್ನುಮೂಳೆಯ ಮಣಿಗಳ) ನಡುವೆ ಮೆತ್ತೆಯಂತಿರುವ ಡಿಸ್ಕ್‌ಗಳು ನೀರನ್ನು ಹೀರಿಕೊಂಡು ಉಬ್ಬಿರುತ್ತವೆ. ಆದ್ದರಿಂದ ಎದ್ದ ಮೊದಲ ಒಂದು ಗಂಟೆಯಲ್ಲಿ ಪೂರ್ತಿ ಬಾಗಿದರೆ ಅವುಗಳ ಮೇಲೆ ಬೀಳುವ ಒತ್ತಡ ದಿನದ ಉಳಿದ ಹೊತ್ತಿಗಿಂತ ಹೆಚ್ಚು. ಎರಡನೆಯದಾಗಿ, ಬಿಗಿತವೆಂದರೆ ಸ್ನಾಯು ಕುಗ್ಗಿದೆ ಎಂದೇ ಅರ್ಥವಲ್ಲ. ದಿನವಿಡೀ ದೇಹವನ್ನು ಹಿಡಿದು ನಿಲ್ಲಿಸುವ ತಾಳಿಕೆ ಇಲ್ಲದ ಸ್ನಾಯು ದಣಿದಾಗಲೂ ಬಿಗಿದಂತೆಯೇ ಅನಿಸುತ್ತದೆ. ಅದನ್ನು ಎಷ್ಟು ಎಳೆದರೂ ಪರಿಹಾರ ತಾತ್ಕಾಲಿಕವಷ್ಟೇ.

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನುಮೂಳೆಯ ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದ ಸ್ಟುವರ್ಟ್ ಮೆಕ್‌ಗಿಲ್ ಅವರು ಸೂಚಿಸುವ ಮೂರು ವ್ಯಾಯಾಮಗಳಿಗೆ ನೆಲವೊಂದಿದ್ದರೆ ಸಾಕು. ಮೊದಲನೆಯದರಲ್ಲಿ ಅಂಗಾತ ಮಲಗಿ, ಒಂದು ಮಂಡಿಯನ್ನು ಮಡಚಿ, ಅಂಗೈಗಳನ್ನು ಸೊಂಟದ ಕೆಳಗಿಟ್ಟು, ತಲೆ ಮತ್ತು ಹೆಗಲನ್ನು ನೆಲದಿಂದ ತುಸುವೇ ಮೇಲೆತ್ತಬೇಕು. ಸೊಂಟದ ಸಹಜ ಬಾಗು ಚಪ್ಪಟೆಯಾಗಬಾರದು. ಎರಡನೆಯದು ಮಗ್ಗುಲಿನ ಪ್ಲ್ಯಾಂಕ್: ಮೊಣಕೈ ಮತ್ತು ಮಂಡಿಯ ಆಧಾರದಲ್ಲಿ ಸೊಂಟವನ್ನು ಎತ್ತಿ ಹಿಡಿಯುವುದು. ಮೂರನೆಯದು, ಅಂಗೈ ಮತ್ತು ಮಂಡಿಗಳನ್ನೂರಿ, ಒಂದು ಕೈಯನ್ನು ಮುಂದಕ್ಕೂ ಎದುರು ಬದಿಯ ಕಾಲನ್ನು ಹಿಂದಕ್ಕೂ ಚಾಚುವುದು. ಪ್ರತಿ ಸಲ ಸುಮಾರು 10 ಸೆಕೆಂಡು ಹಿಡಿದು ಬಿಡಿ. ಮೊದಲ ಸುತ್ತಿನಲ್ಲಿ 6, ಮುಂದಿನದರಲ್ಲಿ 4, ಕೊನೆಯದರಲ್ಲಿ 2 ಸಲ ಎಂದು ಇಳಿಸುತ್ತಾ ಹೋದರೆ ದಣಿದ ದೇಹ ಭಂಗಿ ಕೆಡಿಸಿಕೊಳ್ಳುವ ಮೊದಲೇ ಅಭ್ಯಾಸ ಮುಗಿಯುತ್ತದೆ.

ಉತ್ತರ 2:
ಮೇಲಿನ ಸಲಹೆ ಸೊಂಟಕ್ಕೆ ಬಹಳ ಸರಿಯಾಗಿದೆ, ಆದರೆ ಹೆಗಲುಗಳ ನಡುವಿನ ಸ್ನಾಯುಗಳಿಗೆ ಅಷ್ಟೇ ಸಾಲದು. ಪುಷ್‌ಅಪ್‌ನಂಥ ತಳ್ಳುವ ವ್ಯಾಯಾಮಗಳನ್ನು ಎಲ್ಲಿ ಬೇಕಾದರೂ ಮಾಡಬಹುದು. ಎಳೆಯುವ ವ್ಯಾಯಾಮಕ್ಕೆ ಮಾತ್ರ ಹಿಡಿಯಲು ಏನಾದರೊಂದು ಬೇಕು, ಮನೆಯ ಅಭ್ಯಾಸಗಳಲ್ಲಿ ಬಿಟ್ಟುಹೋಗುವುದೂ ಅದೇ. ಹೆಗಲಿಗೆ ಹಾಕುವ ಚೀಲಕ್ಕೆ ಪುಸ್ತಕಗಳನ್ನು ತುಂಬಿ, ಒಂದು ಕೈಯನ್ನು ಕುರ್ಚಿಯ ಮೇಲೂರಿ, ಬೆನ್ನನ್ನು ನೇರವಾಗಿಟ್ಟು ಸೊಂಟದ ಕೀಲಿನಿಂದ ಬಾಗಿ, ಇನ್ನೊಂದು ಕೈಯಿಂದ ಚೀಲವನ್ನು ಪಕ್ಕೆಯತ್ತ ಎಳೆಯಿರಿ. ಮೊಣಕೈ ಹಿಂದಕ್ಕೆ ಸರಿಯುವಾಗ ಹೆಗಲಿನ ಹಿಂದಿನ ಮೂಳೆ ಬೆನ್ನುಮೂಳೆಯ ಕಡೆಗೆ ಜಾರುವುದು ಅನುಭವಕ್ಕೆ ಬರಬೇಕು. ಭಾರವಾದ, ಗಟ್ಟಿಮುಟ್ಟಾದ ಮೇಜಿನ ಅಡಿಯಲ್ಲಿ ಮಲಗಿ ಅದರ ಅಂಚನ್ನು ಹಿಡಿದು ಎದೆಯನ್ನು ಮೇಲಕ್ಕೆಳೆಯುವುದೂ ಉತ್ತಮವೇ, ಆದರೆ ಮೇಜು ಮಗುಚುವ ಸಾಧ್ಯತೆ ಕಿಂಚಿತ್ತಾದರೂ ಇದ್ದರೆ ಆ ಸಾಹಸ ಬೇಡ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನಿನ್ನೆ ಪ್ರಯತ್ನಿಸಿದೆ. ಕೈಕಾಲು ಚಾಚುವಾಗ ಸೊಂಟ ಒಂದು ಬದಿಗೆ ವಾಲುತ್ತದೆ. ಜೊತೆಗೆ ಸ್ಟ್ರೆಚಿಂಗ್ ಅನ್ನು ಪೂರ್ತಿಯಾಗಿ ಬಿಡಬೇಕೇ?

ಉತ್ತರ 1 ಬರೆದವರು:
ವಾಲುತ್ತಿದ್ದರೆ ಸದ್ಯಕ್ಕೆ ಕೈಯನ್ನು ಎತ್ತದೆ, ಕಾಲನ್ನಷ್ಟೇ ನೆಲದ ಮೇಲೆ ಜಾರಿಸುತ್ತಾ ಚಾಚಿ. ಕಾಲು ಎಷ್ಟು ಮೇಲೇರಿತು ಎಂಬುದು ಇಲ್ಲಿ ಮುಖ್ಯವಲ್ಲ; ಸೊಂಟ ಅಲುಗದಿರುವುದೇ ಈ ವ್ಯಾಯಾಮದ ತಿರುಳು.

ಉತ್ತರ 3:
ಸ್ಟ್ರೆಚಿಂಗ್ ಬಿಡಬೇಕಾಗಿಲ್ಲ, ಎಳೆಯುವ ಭಾಗವನ್ನು ಬದಲಿಸಿದರೆ ಸಾಕು. ಹೆಚ್ಚು ಹೊತ್ತು ಕುಳಿತವರಲ್ಲಿ ತೊಡೆಸಂದಿನ ಮುಂಭಾಗದ ಸ್ನಾಯುಗಳು ಮಡಚಿದ ಸ್ಥಿತಿಯಲ್ಲೇ ಇರುತ್ತವೆ. ಅವು ಬಿಗಿದರೆ, ನಿಂತಾಗ ಸೊಂಟವನ್ನು ಮುಂದಕ್ಕೆಳೆಯಬಹುದು. ಒಂದು ಮಂಡಿಯನ್ನು ನೆಲಕ್ಕೂರಿ, ಇನ್ನೊಂದು ಪಾದವನ್ನು ಮುಂದಿಟ್ಟು, ಪೃಷ್ಠವನ್ನು ಬಿಗಿಹಿಡಿದು ನಿಧಾನವಾಗಿ ಮುಂದೆ ಸರಿಯಿರಿ. 30 ಸೆಕೆಂಡು ಹಾಗೆಯೇ ಇದ್ದು ಕಾಲು ಬದಲಿಸಿ. ಬೆನ್ನಿಗೆ, ಅಂಗೈ ಮತ್ತು ಮಂಡಿಗಳನ್ನೂರಿ ಬೆನ್ನನ್ನು ಮೇಲಕ್ಕೂ ಕೆಳಕ್ಕೂ ಬಾಗಿಸುವ ಮಾರ್ಜಾಲಾಸನ ಸಾಕಾಗುತ್ತದೆ, ಅದನ್ನೂ ಎಳೆತಕ್ಕಾಗಿ ಅಲ್ಲದೆ ಉಸಿರಿನೊಂದಿಗೆ ಮೃದುವಾದ ಚಲನೆಯಾಗಿ ಮಾಡಿ. ಬೋರಲು ಮಲಗಿ ಮಾಡುವ ಭುಜಂಗಾಸನ ಕೆಲವರಿಗೆ ಹಿತ, ಕೆಲವರಿಗೆ ನೋವು. ನೋವಾದರೆ ಹಟ ಬೇಡ. ಎಷ್ಟೇ ವ್ಯಾಯಾಮ ಮಾಡಿದರೂ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದನ್ನು ಮಾತ್ರ ತಪ್ಪಿಸಬೇಡಿ.

ಇದನ್ನು ಓದುವ ಇತರರಿಗಾಗಿ ಒಂದು ಮಾತು: ಕಾಲಿನಲ್ಲಿ ಹೆಚ್ಚುತ್ತಿರುವ ಶಕ್ತಿಹೀನತೆ, ತೊಡೆಸಂದಿನ ಸುತ್ತ ಸ್ಪರ್ಶ ತಿಳಿಯದಿರುವುದು, ಮೂತ್ರ ಅಥವಾ ಮಲದ ಮೇಲೆ ಹತೋಟಿ ತಪ್ಪುವುದು, ಇವುಗಳಲ್ಲಿ ಯಾವುದು ಕಂಡರೂ ವ್ಯಾಯಾಮವನ್ನು ಬದಿಗಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೆನ್ನುನೋವಿನೊಂದಿಗೆ ಜ್ವರವಿದ್ದರೆ ಅಥವಾ ಬಿದ್ದ ಮೇಲೆ ನೋವು ಶುರುವಾಗಿದ್ದರೆ, ವೈದ್ಯರಿಗೆ ತೋರಿಸದೆ ಮೇಲಿನ ಯಾವುದನ್ನೂ ಆರಂಭಿಸಬೇಡಿ.