‘ಮನೆ’ ಎಂದರೆ ಕಟ್ಟಡವೇ?

‘ಮಗ ಮೈಸೂರಿನಲ್ಲಿ ಮನೆ ಕಟ್ಟಿದ್ದಾನೆ’ ಎನ್ನುವುದೂ ‘ಮಗ ಮೈಸೂರಿನಲ್ಲಿ ಮನೆ ಮಾಡಿದ್ದಾನೆ’ ಎನ್ನುವುದೂ ಒಂದೇ ಅಲ್ಲ ಎಂದು ಕನ್ನಡ ಬಲ್ಲ ಯಾರಿಗೂ ಹೇಳಿಕೊಡಬೇಕಿಲ್ಲ. ಕಟ್ಟಿದವನು ನಿವೇಶನ ಕೊಂಡು, ಸಾಲ ಎತ್ತಿ, ಗಾರೆಯವರ ಹಿಂದೆ ಓಡಾಡಿದವನು. ಮಾಡಿದವನು ಬಾಡಿಗೆಗೆ ಹಿಡಿದು, ಒಲೆ ಹಾಸಿಗೆ ಜೋಡಿಸಿಕೊಂಡು ವಾಸಕ್ಕೆ ನಿಂತವನು. ಎರಡನೆಯ ವಾಕ್ಯದಲ್ಲಿ ಗೋಡೆ, ಸೂರು, ಇಟ್ಟಿಗೆಗಳ ಮಾತೇ ಇಲ್ಲ. ಹಾಗಿದ್ದರೆ ಅವನು ‘ಮಾಡಿದ್ದು’ ಏನನ್ನು?

ನನ್ನ ಪ್ರಶ್ನೆ ಇದು. ಮನೆ ಎಂಬ ಪದಕ್ಕೆ ವಾಸದ ಕಟ್ಟಡ, ಕೋಣೆ, ಸಂಸಾರ, ವಂಶ, ಆಟದ ಹಾಸಿನ ಚೌಕ, ಜಾತಕದ ಸ್ಥಾನ, ಶಾಸನಸಭೆ ಇಷ್ಟೂ ಅರ್ಥಗಳಿವೆ. ಇವುಗಳಲ್ಲಿ ಬುಡ ಯಾವುದು, ಕವಲು ಯಾವುದು? ಕಟ್ಟಡವೇ ಮೂಲ, ಉಳಿದದ್ದೆಲ್ಲ ಹೋಲಿಕೆಯಿಂದ ಬಂದದ್ದು ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಈ ತಿಳಿವು ತಲೆಕೆಳಗಾಗಿದೆ ಎಂಬುದು ನನ್ನ ವಾದ. ಮನೆ ಎಂದರೆ ಮೊದಲು ನೆಲೆ ನಿಲ್ಲುವ ಜಾಗ. ಗೋಡೆ ಮತ್ತು ಸೂರು ಆಮೇಲೆ ಬಂದು ಸೇರಿಕೊಂಡವು.

ನೆಂಟ ಭಾಷೆಗಳನ್ನು ನೋಡೋಣ. ತಮಿಳಿನಲ್ಲಿ ಮನೈ, ಮಲಯಾಳದಲ್ಲಿ ಮನ. ಮಲಯಾಳದ ಮನ ಈಗ ಹೆಚ್ಚಾಗಿ ನಂಬೂದಿರಿಗಳ ಮನೆಗೆ ಮಾತ್ರ ಸಲ್ಲುತ್ತದೆ. ತಮಿಳಿನ ‘ಮನ್ನು’ ಎಂಬ ಕ್ರಿಯಾಪದಕ್ಕೆ ಸ್ಥಿರವಾಗಿರು, ಉಳಿ ಎಂಬ ಅರ್ಥ. ತೆಲುಗಿನ ‘ಮನು’ ಎಂದರೆ ಬಾಳು, ಜೀವಿಸು. ‘ಮನಿಕಿ’ ಎಂದರೆ ಇರುವಿಕೆ, ವಾಸ. ಭಾಷಾವಿಜ್ಞಾನಿಗಳಾದ ಬರೋ ಮತ್ತು ಎಮೆನೊ ಸೇರಿ 1961ರಲ್ಲಿ ಹೊರತಂದು 1984ರಲ್ಲಿ ಪರಿಷ್ಕರಿಸಿದ, ಪದಗಳ ಹುಟ್ಟು ಹೇಳುವ ದ್ರಾವಿಡ ಭಾಷೆಗಳ ನಿಷ್ಪತ್ತಿಕೋಶದಲ್ಲಿ ಈ ಪದಗಳು ಸಿಗುತ್ತವೆ. ಕ್ರಿಯೆ ‘ಉಳಿ, ಬಾಳು’. ಅದರಿಂದ ಹುಟ್ಟಿದ ಹೆಸರು ‘ಉಳಿಯುವ, ಬಾಳುವ ಎಡೆ’. ಕಟ್ಟಡದ ಸುಳಿವು ಬೇರಿನಲ್ಲಿ ಇಲ್ಲವೇ ಇಲ್ಲ.

ಇಲ್ಲಿ ಎರಡು ಎಡವುಗಲ್ಲುಗಳಿವೆ. ಒಂದು, ಮನೆಯನ್ನು ‘ಮನ’ದಿಂದ ಬಂದದ್ದೆಂದು ಹೇಳುವ ರೂಢಿ. ಭಾಷಣಕ್ಕೆ ಚೆನ್ನಾಗಿ ಒದಗುತ್ತದೆ, ಆದರೆ ಮನ ಸಂಸ್ಕೃತದ ಮನಸ್ಸಿನ ತದ್ಭವ, ಮನೆ ದ್ರಾವಿಡದ್ದು. ಹುಟ್ಟಿನಿಂದ ಅವೆರಡಕ್ಕೂ ನಂಟಿಲ್ಲ. ಬಸವಣ್ಣನವರ ‘ಮನೆಯೊಳಗೆ ಮನೆಯೊಡೆಯನಿದ್ದಾನೋ ಇಲ್ಲವೋ’ ವಚನದಲ್ಲಿ ಮನೆ ಮತ್ತು ಮನ ಒಂದಕ್ಕೊಂದು ಎದುರು ನಿಂತು ಬೆಳಗುತ್ತವೆ. ಅದು ಕವಿಯ ಶಕ್ತಿ, ನಿಷ್ಪತ್ತಿಗೆ ಪುರಾವೆಯಲ್ಲ. ಇನ್ನೊಂದು, ಇಂಗ್ಲಿಷಿನ ‘ಮ್ಯಾನ್ಷನ್’. ಅದು ಲ್ಯಾಟಿನ್ನಿನ ‘ಮನೇರೆ’ ಎಂಬ ಕ್ರಿಯಾಪದದಿಂದ ಬಂದದ್ದು, ಅದರ ಅರ್ಥವೂ ಉಳಿದುಕೊಳ್ಳು ಎಂದೇ! ಧ್ವನಿ, ಅರ್ಥ ಎರಡೂ ಇಷ್ಟು ಹತ್ತಿರ ಕಂಡಾಗ ಎರಡನ್ನೂ ಒಂದೇ ಗಂಟಿಗೆ ಕಟ್ಟುವ ಆಸೆ ಯಾರಿಗೂ ಆಗುತ್ತದೆ. ಆದರೆ ಒಂಟಿ ಪದದ ಹೋಲಿಕೆಯಿಂದ ಭಾಷೆಗಳ ನಂಟು ಸಿದ್ಧವಾಗುವುದಿಲ್ಲ. ಧ್ವನಿಗಳ ಹೊಂದಿಕೆ ಹತ್ತಾರು ಪದಗಳಲ್ಲಿ ಕ್ರಮವಾಗಿ ಕಾಣಬೇಕು. ಇದನ್ನು ಕಾಕತಾಳೀಯವೆಂದೇ ಬಿಡಬೇಕು. ನೆಲೆಸುವುದರಿಂದ ನೆಲೆಗೆ ಹೆಸರು ಬರುವುದು ಮಾತ್ರ ಲೋಕದಲ್ಲೆಲ್ಲ ಇರುವ ದಾರಿ: ಸಂಸ್ಕೃತದಲ್ಲಿ ಸದನ ಕುಳಿತುಕೊಳ್ಳುವ ಜಾಗ, ನಿವಾಸ ವಾಸಿಸುವ ಜಾಗ. ಕನ್ನಡದ್ದೇ ಆದ ‘ಬೀಡು’ ಕೂಡ ‘ಬಿಡು’ವಿನಿಂದ ಬಂದದ್ದು, ಪಯಣದಲ್ಲಿ ಬಿಡಾರ ಬಿಟ್ಟ ಎಡೆಯೇ ಬೀಡು.

ಈಗ ನಮ್ಮದೇ ಬಳಕೆಗೆ ಬರೋಣ. ನನಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಎನಿಸುವುದು ಅಡುಗೆಮನೆ. ಅಡುಗೆಮನೆ, ಬಚ್ಚಲುಮನೆ, ದೇವರಮನೆ, ನಡುಮನೆ, ಊಟದ ಮನೆ ಇವೆಲ್ಲ ಒಂದೇ ಸೂರಿನ ಕೆಳಗಿರುವ ಮನೆಗಳು. ಮನೆ ಎಂದರೆ ಕಟ್ಟಡವೇ ಆಗಿದ್ದರೆ ಒಂದು ಮನೆಯೊಳಗೆ ಐದು ಮನೆ ಹೇಗೆ ಹಿಡಿಸುತ್ತಿದ್ದವು? ‘ಇಂಥದ್ದಕ್ಕೆ ಮೀಸಲಾದ ಎಡೆ’ ಎಂಬ ಅರ್ಥ ಹಚ್ಚಿ ನೋಡಿ, ತೊಡಕು ತಾನೇ ಬಿಡುತ್ತದೆ. ಆಲೆಮನೆಯನ್ನೂ ನೆನೆಯಿರಿ. ಕಬ್ಬು ಅರೆದು ಬೆಲ್ಲ ಕಾಯಿಸುವ ಆ ಜಾಗದಲ್ಲಿ ಎಷ್ಟೋ ಕಡೆ ಒಂದು ಚಪ್ಪರ, ಒಲೆ, ಕೊಪ್ಪರಿಗೆ ಬಿಟ್ಟರೆ ಗೋಡೆಯೇ ಇರುವುದಿಲ್ಲ. ಆದರೂ ಅದು ಮನೆ. ಮದುವೆಮನೆ ಇನ್ನೂ ಹಗುರ. ಮದುವೆ ಛತ್ರದಲ್ಲಿ ನಡೆದರೂ ಅದು ಮದುವೆಮನೆಯೇ, ಮೂರನೆಯ ದಿನ ಅದೇ ಛತ್ರ ಬರೀ ಛತ್ರ.

ಹಳೆಯ ಶಾಸನಗಳೂ ಇದೇ ದಿಕ್ಕಿಗೆ ಕೈ ತೋರುತ್ತವೆ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಬರುವ ‘ಮನೆವೆರ್ಗಡೆ’ ಅರಮನೆಯ ಆಡಳಿತ ನೋಡಿಕೊಳ್ಳುತ್ತಿದ್ದ ಹಿರಿಯ ಅಧಿಕಾರಿ. ಅವನ ಹೊಣೆ ಅರಸನ ಒಟ್ಟು ಸಂಸಾರದ ವ್ಯವಹಾರ. ‘ಮನೆದೆರೆ’ ಎಂಬ ತೆರಿಗೆಯ ಹೆಸರೂ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈಗಲೂ ‘ನಮ್ಮೂರಲ್ಲಿ ನೂರು ಮನೆ’ ಎಂದರೆ ಎಣಿಸಿದ್ದು ಒಲೆ ಬೇರೆಯಾದ ಸಂಸಾರಗಳನ್ನು. ಅಣ್ಣತಮ್ಮಂದಿರು ಪಾಲಾದಾಗ ‘ಮನೆ ಒಡೆಯಿತು’ ಎನ್ನುತ್ತೇವೆ, ಗೋಡೆಯಲ್ಲಿ ಒಂದು ಬಿರುಕೂ ಇರುವುದಿಲ್ಲ. ಮನೆಮುರುಕ, ಮನೆಹಾಳ ಎಂಬ ಬೈಗುಳಗಳು ಯಾವ ಗೋಡೆ ಕೆಡವಿದವನಿಗೂ ಬಿದ್ದದ್ದಲ್ಲ.

‘ಮನೆ ಮಾಡು’ ಎಂಬ ನುಡಿಗಟ್ಟಿಗೆ ಹನ್ನೆರಡನೆಯ ಶತಮಾನದಷ್ಟು ಹಳೆಯ ಆಧಾರವಿದೆ. ‘ಬೆಟ್ಟದ ಮೇಲೊಂದು ಮನೆಯ ಮಾಡಿ’ ಎಂದು ತೊಡಗುವ ಅಕ್ಕಮಹಾದೇವಿಯ ವಚನ ಎಲ್ಲರಿಗೂ ಗೊತ್ತು. ಬೆಟ್ಟದ ಮೇಲೆ, ಸಮುದ್ರದ ತಡಿಯಲ್ಲಿ, ಸಂತೆಯೊಳಗೆ ಎಂದು ಮೂರು ಎಡೆಗಳನ್ನು ಹೇಳುವಾಗಲೂ ಅಕ್ಕ ಬಳಸಿದ್ದು ‘ಮನೆಯ ಮಾಡಿ’ ಎಂಬುದನ್ನೇ, ಒಮ್ಮೆಯೂ ‘ಮನೆಯ ಕಟ್ಟಿ’ ಎನ್ನಲಿಲ್ಲ. ಇಲ್ಲಿ ಬಾಳುತ್ತೇನೆಂದು ನೆಲೆಸಿದ ಮೇಲೆ ಇಲ್ಲಿಯ ಮೃಗಕ್ಕೆ, ನೊರೆತೆರೆಗೆ ಅಂಜಿದರೆ, ಸದ್ದಿಗೆ ನಾಚಿದರೆ ಹೇಗೆ ಎಂಬುದು ವಚನದ ಜೀವ. ಅದಕ್ಕೆ ‘ಮಾಡು’ವೇ ಬೇಕು. ‘ಅನುಮಾನ ಮನಸ್ಸಿನಲ್ಲಿ ಮನೆಮಾಡಿತು’ ಎಂದು ಇಂದು ಬರೆಯುವಾಗಲೂ ನಾವು ಅದೇ ಅರ್ಥವನ್ನು ಎತ್ತಿಕೊಂಡಿರುತ್ತೇವೆ.

ಇರುವ ಎಡೆಯ ಹೆಸರು ಇರುವವರಿಗೂ ಸಲ್ಲುತ್ತದೆ. ‘ನಮ್ಮ ಮನೆಯವರು’ ಎಂದರೆ ಹೆಂಡತಿಯ ಬಾಯಲ್ಲಿ ಗಂಡ. ಗಂಡ ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂದರೆ ಕೇಳುವುದು ಹೆಂಡತಿಯನ್ನು. ತಮಿಳಿನವರು ಇದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದು ಹೆಂಡತಿಗೆ ‘ಮನೈವಿ’ ಎಂಬ ಪದವನ್ನೇ ಮಾಡಿಕೊಂಡಿದ್ದಾರೆ. ಅಲ್ಲಿಂದ ಮನೆತನ, ರಾಜಮನೆತನಗಳಿಗೆ ದಾರಿ ನೇರ. ಉತ್ತರ ಕರ್ನಾಟಕದಲ್ಲಿ ಪದದ ಕೊನೆಯ ಎಕಾರ ಇಕಾರವಾಗಿ ‘ಮನಿ’ ಆಗುತ್ತದೆ, ‘ಮನೆಯಲ್ಲಿ’ ಎಂಬುದು ‘ಮನ್ಯಾಗ’. ಹೊಸಮನಿ, ದೊಡ್ಡಮನಿ, ಹಿರೇಮನಿ, ಅರಮನಿ ಎಂಬ ಅಡ್ಡಹೆಸರುಗಳಲ್ಲಿ ಈ ಉಚ್ಚಾರ ಹಾಗೇ ನಿಂತಿದೆ. ಅವನ್ನು ‘ತಿದ್ದಿ’ ಹೊಸಮನೆ ಎಂದು ಬರೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಅದು ತಪ್ಪು ಬರಹವಲ್ಲ, ಒಂದು ನಾಡಿನ ನುಡಿ. ಕೊಡಗಿನ ಐನ್‌ಮನೆಯೂ ಈ ಸಾಲಿನದೇ, ಒಂದು ಒಕ್ಕದ, ಎಂದರೆ ಒಂದು ಕುಲದ, ಹಿರಿಯರ ಮೂಲ ಮನೆ.

ಕನ್ನಡಕ್ಕೆ ಮನೆಯ ಜೊತೆ ಇನ್ನೊಂದು ಹಳೆಯ ಪದವೂ ಇತ್ತು: ಇಲ್. ತುಳುವಿನಲ್ಲಿ ಇಲ್ಲ್, ತೆಲುಗಿನಲ್ಲಿ ಇಲ್ಲು, ತಮಿಳಿನಲ್ಲಿ ಇಲ್ ಮತ್ತು ಇಲ್ಲಂ ಇಂದಿಗೂ ಉಂಟು. ನಮ್ಮಲ್ಲಿ ಅದು ಬೇರೆಯಾಗಿ ಉಳಿಯಲಿಲ್ಲ, ಆದರೆ ದಿನಕ್ಕೆ ಎಷ್ಟೋ ಸಲ ನಮ್ಮ ಬಾಯಲ್ಲಿ ಬರುತ್ತಲೇ ಇದೆ. ಬಾಗಿಲು ಎಂದರೆ ಬಾಯ್ ಮತ್ತು ಇಲ್, ಮನೆಯ ಬಾಯಿ. ತಮಿಳಿನಲ್ಲಿ ವಾಯಿಲ್, ತೆಲುಗಿನಲ್ಲಿ ವಾಕಿಲಿ. ‘ಇಲ್‌ನ ಬಾಯ್’ ಎಂದಾಗಬೇಕಿದ್ದದ್ದು ಹಿಂದುಮುಂದಾಗಿದೆಯಲ್ಲ ಎಂದು ನೀವು ಕೇಳಬಹುದು. ತಮಿಳು ವ್ಯಾಕರಣಕಾರರು ಇದನ್ನು ಗುರುತಿಸಿ ‘ಇಲಕ್ಕಣಪ್ಪೋಲಿ’ ಎಂಬ ಹೆಸರನ್ನೇ ಕೊಟ್ಟಿದ್ದಾರೆ. ಇಲ್‌ವಾಯ್ ವಾಯಿಲ್ ಆದಂತೆ, ‘ಮನೆಯ ಮುಂದು’ ಎಂಬ ಅರ್ಥದ ಇಲ್‌ಮುನ್ ಮುನ್‌ಱಿಲ್ ಆಗಿದೆ. ಕರಾವಳಿಯಲ್ಲಿ ಇಲ್ ಮತ್ತು ಮನೆ ಒಂದರ ಜಾಗದಲ್ಲಿ ಒಂದು ನಿಲ್ಲುವುದನ್ನು ಕಿವಿಯಾರೆ ಕೇಳಬಹುದು: ಗೃಹಪ್ರವೇಶಕ್ಕೆ ತುಳುವರು ಇಲ್ಲೊಕ್ಕೆಲ್ ಎಂದರೆ ಕನ್ನಡದವರು ಮನೆ ಒಕ್ಕಲು ಎನ್ನುತ್ತಾರೆ. ಒಳ ಹೋಗುವುದನ್ನು ಹೇಳುವ ‘ಪ್ರವೇಶ’ಕ್ಕಿಂತ ನೆಲೆಯೂರುವುದನ್ನು ಹೇಳುವ ‘ಒಕ್ಕಲು’ ಎಷ್ಟು ತೂಕದ ಮಾತು!

ಚದುರಂಗದ 64 ಚೌಕಗಳೂ ಮನೆಗಳೇ, ಚೌಕಾಬಾರದ ಚೌಕವೂ ಮನೆ, ಜಾತಕದ ಹನ್ನೆರಡೂ ಮನೆ. ಕಾಯಿ ಅಥವಾ ಗ್ರಹ ಬಂದು ನಿಲ್ಲುವ ಎಡೆ ಅಷ್ಟೆ, ಇಲ್ಲಿ ಹೆಚ್ಚು ವಿವರ ಬೇಕಿಲ್ಲ. ಆದರೆ ಅಳಗುಳಿಮಣೆಯನ್ನು ಇವುಗಳ ಜೊತೆ ಸೇರಿಸಬೇಡಿ. ಹದಿನಾಲ್ಕು ಗುಳಿಗಳ ಆ ಹಲಗೆಯ ಹೆಸರಿನಲ್ಲಿರುವುದು ಣಕಾರದ ‘ಮಣೆ’. ಈಳಿಗೆಮಣೆ, ಹಸೆಮಣೆಗಳಲ್ಲಿ ಇರುವ ಮರದ ಹಲಗೆ ಅದು. ತಮಿಳಿನಲ್ಲೂ ಮಣೈ ಬೇರೆ, ಮನೈ ಬೇರೆ. ‘ಅಳಗುಳಿಮನೆ’ ಎಂದು ಅಚ್ಚಾಗುವುದು ಈಚೆಗೆ ಹೆಚ್ಚಿದೆ, ತಪ್ಪು.

ಇನ್ನು ಮೇಲ್ಮನೆ, ಕೆಳಮನೆ. ಇವು ಇಂಗ್ಲಿಷಿನ ‘ಹೌಸ್’ ಅನ್ನು ನೋಡಿ ಮಾಡಿಕೊಂಡ ಪದಗಳು. ಅನುವಾದದ ಪದ ಎಂದು ಇವನ್ನು ಕೀಳಾಗಿ ಕಾಣುವವರಿದ್ದಾರೆ, ನಾನು ಒಪ್ಪುವುದಿಲ್ಲ. 75 ಸದಸ್ಯರ ವಿಧಾನ ಪರಿಷತ್ತು, 224 ಸದಸ್ಯರ ವಿಧಾನಸಭೆ ಎರಡೂ ಕೂರುವುದು ವಿಧಾನಸೌಧವೆಂಬ ಒಂದೇ ಕಟ್ಟಡದಲ್ಲಿ. ಒಂದು ಕಟ್ಟಡದಲ್ಲಿ ಎರಡು ಮನೆ ಎನ್ನಲು ನಡುಮನೆ, ಅಡುಗೆಮನೆಗಳ ಭಾಷೆಗೆ ಅಳುಕೇನಿದೆ? ಅಚ್ಚು ಹೊರಗಿನದು, ಅದರಲ್ಲಿ ತುಂಬಿದ್ದು ನಮ್ಮ ಪದದ ಹಳೆಯ ಅರ್ಥವೇ.

ಬಲ್ಲವರಲ್ಲಿ ಒಂದು ಕೋರಿಕೆ. ದಕ್ಷಿಣ ಕನ್ನಡದ ಕಡೆ ಅಡಿಗೆಕೋಣೆ, ದೇವರಕೋಣೆ ಎನ್ನುವುದು ಕೇಳಿಬರುತ್ತದೆ. ಹಳೆಯ ಮೈಸೂರಿನ ಕಡೆ ಅಡುಗೆಮನೆ, ದೇವರಮನೆ. ‘ಮಲಗುವ ಮನೆ’ಯನ್ನು ಮಾತ್ರ ‘ಮಲಗುವ ಕೋಣೆ’ ಎಲ್ಲ ಕಡೆಯೂ ಹಿಂದಕ್ಕೆ ತಳ್ಳುತ್ತಿದೆ. ನಿಮ್ಮ ಮನೆಯ ಹಿರಿಯರು ಯಾವುದಕ್ಕೆ ‘ಮನೆ’ ಎನ್ನುತ್ತಾರೆ, ಯಾವುದಕ್ಕೆ ‘ಕೋಣೆ’ ಎನ್ನುತ್ತಾರೆ, ಯಾವುದಕ್ಕೆ ಎರಡೂ ಒಗ್ಗುವುದಿಲ್ಲ ಎಂಬುದನ್ನು ಊರು, ತಾಲ್ಲೂಕಿನ ಹೆಸರಿನೊಂದಿಗೆ ಬರೆಯಿರಿ. ಹಜಾರ, ಪಡಸಾಲೆ, ಕೊಟ್ಟಿಗೆಗಳಿಗೆ ‘ಮನೆ’ ಅಂಟಿಸಿ ಹೇಳುವ ಊರು ಇದ್ದರೆ ಅದನ್ನಂತೂ ತಪ್ಪದೆ ತಿಳಿಸಿ.