ಸಾಫ್ಟ್ ಲಿಮಿಟ್, ಹಾರ್ಡ್ ಲಿಮಿಟ್: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಜೋಡಿ ಪದ ವಾರದಿಂದ ತಲೆ ತಿನ್ನುತ್ತಿದೆ.

ಡಿಪ್ಲೊಮಾ ಹುಡುಗರಿಗೆ ಲಿನಕ್ಸ್ ಪಾಠದ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ಪ್ರೋಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಂ, ಎಷ್ಟು ಮೆಮೊರಿ ಕೇಳಬಹುದು ಅನ್ನುವುದಕ್ಕೆ ಲಿನಕ್ಸ್‌ನ ತಿರುಳಾದ ಕರ್ನಲ್ ಎರಡು ಅಂಕಿ ಇಟ್ಟುಕೊಂಡಿರುತ್ತದೆ. ಒಂದು ಸಾಫ್ಟ್ ಲಿಮಿಟ್, ಇನ್ನೊಂದು ಹಾರ್ಡ್ ಲಿಮಿಟ್. ನಾನು ಸುಮ್ನೆ ‘ಮೃದು ಮಿತಿ, ಕಠಿಣ ಮಿತಿ’ ಅಂತ ಬರೆದುಬಿಟ್ಟೆ. ಮೊದಲ ದಿನವೇ ಒಬ್ಬ ಹುಡುಗ, “ಸರ್, ಕಠಿಣ ಅಂದ್ರೆ ಲೆಕ್ಕ ಹಾಕೋಕೆ ಕಷ್ಟಾನಾ?” ಅಂದ. ಅವನದೇನು ತಪ್ಪು? ಕನ್ನಡದಲ್ಲಿ ಕಠಿಣ ಅಂದರೆ ಮೊದಲು ಹೊಳೆಯುವುದು ಪರೀಕ್ಷೆಯ ಪ್ರಶ್ನೆಯೇ.

ಅದೇ ಹುಡುಗ ಲ್ಯಾಬಿನಲ್ಲಿ, ಈ ಮಿತಿಗಳನ್ನು ಬದಲಿಸುವ ‘ಯುಲಿಮಿಟ್’ ಆಜ್ಞೆ ಕೊಟ್ಟು ಮೆಮೊರಿ ಮಿತಿಯನ್ನು 5,00,000 ಕೆಬಿಗೆ ಇಳಿಸಿದ. ಪೈಥಾನ್‌ನಲ್ಲಿ 100 ಕೋಟಿ ಬೈಟ್, ಅಂದರೆ ಸುಮಾರು 10 ಲಕ್ಷ ಕೆಬಿ, ಕೇಳಿದ. ಮೆಮೊರಿ ಎರರ್ ಬಂತು. ಸರಿ, 20,00,000ಕ್ಕೆ ಏರಿಸೋಣ ಅಂತ ಹೋದರೆ ಅನುಮತಿ ಇಲ್ಲ ಅಂದಿತು ಶೆಲ್, ಅಂದರೆ ನಾವು ಟೈಪ್ ಮಾಡಿದ ಆಜ್ಞೆ ನಡೆಸುವ ಪ್ರೋಗ್ರಾಂ. ಅವನು ಬಳಸಿದ ಬ್ಯಾಶ್ ಅನ್ನುವ ಶೆಲ್‌ನಲ್ಲಿ ಸಾಫ್ಟೋ ಹಾರ್ಡೋ ಅಂತ ಹೇಳದಿದ್ದರೆ ಎರಡೂ ಮಿತಿ ಒಟ್ಟಿಗೆ ಇಳಿಯುತ್ತವೆ. ಹಾರ್ಡ್ ಲಿಮಿಟನ್ನು ಯಾರು ಬೇಕಾದರೂ ಇಳಿಸಬಹುದು, ಮತ್ತೆ ಏರಿಸಲು ರೂಟ್ (ಸಿಸ್ಟಂ ಮೇಲ್ವಿಚಾರಕನ) ಅಧಿಕಾರ ಬೇಕು. ಸಾಫ್ಟ್ ಲಿಮಿಟ್ ಹಾಗಲ್ಲ. ಹಾರ್ಡ್ ಮುಟ್ಟುವವರೆಗೆ ನಮ್ಮಿಷ್ಟದಂತೆ ಏರಿಸಬಹುದು, ಇಳಿಸಬಹುದು. ಪಾಪ, ಹುಡುಗ ಹಳೆಯ ಮಿತಿ ಬೇಕಾಗಿ ಬೇರೆ ಟರ್ಮಿನಲ್ ತೆರೆದುಕೊಂಡ.

ಅಂದರೆ ಇಲ್ಲಿ ಮೆತ್ತಗೆ, ಗಟ್ಟಿ ಅನ್ನುವ ಮಾತೇ ಇಲ್ಲ ಅಲ್ವಾ? ಯಾರ ಕೈಯಲ್ಲಿದೆ ಅನ್ನುವುದೇ ವ್ಯತ್ಯಾಸ. ನನಗೆ ನೆನಪಾಗಿದ್ದು ಊರಿನ ಹೊಲ. ಬೇಲಿ ನಮ್ಮದು, ಒಳಗೆ ಎಲ್ಲಿ ಬೇಕಾದರೂ ಸರಿಸಿಕೊಳ್ಳಬಹುದು. ಬಾಂದುಕಲ್ಲು ಸರ್ವೆಯವರದ್ದು, ಅದನ್ನು ಕದಲಿಸುವಂತಿಲ್ಲ. ಹದ್ದುಬಸ್ತಿಗೆ ಅರ್ಜಿ ಹಾಕಿ ಅಳೆಸಿದವರಿಗೆ ಇದು ಹೇಳಿಕೊಡಬೇಕಿಲ್ಲ. ಹಾಗಾಗಿ ಸಾಫ್ಟ್‌ಗೆ ‘ಬೇಲಿ’, ಹಾರ್ಡ್‌ಗೆ ‘ಹದ್ದು’ ಅಂದರೆ ಹೇಗೆ? ಈ ಹದ್ದು ಅರಬ್ಬಿಯಿಂದ ಬಂದದ್ದು, ಆಕಾಶದ ಹದ್ದಿಗೂ ಇದಕ್ಕೂ ನಂಟಿಲ್ಲ. ಆದರೂ ಹುಡುಗರು ನಗುತ್ತಾರೇನೋ. ‘ಒಳಮಿತಿ, ಹೊರಮಿತಿ’ ಇನ್ನೊಂದು ದಾರಿ. ಸಪ್ಪೆ, ಆದರೆ ತಪ್ಪಿಲ್ಲ.

ಇನ್ನೊಂದು ಕಿರಿಕಿರಿ ಕ್ರಿಯಾಪದದ್ದು. ‘ಮಿತಿ ಮೀರಿದೆ’ ಅಂತ ಬರೆಯುವುದು ನಮಗೆ ರೂಢಿ. ಆದರೆ ಮೇಲಿನ ಪ್ರಸಂಗದಲ್ಲಿ ಪ್ರೋಸೆಸ್ ಏನನ್ನೂ ಮೀರಲಿಲ್ಲ. ಕೇಳಿತು, ಕರ್ನಲ್ ಕೊಡಲಿಲ್ಲ, ಅಷ್ಟೇ. ಇದಕ್ಕೆ ‘ಮಿತಿ ಅಡ್ಡ ಬಂತು’ ಅನ್ನುವುದೇ ಸರಿ ಅನ್ನಿಸುತ್ತದೆ. ನಿಜವಾಗಿ ಮೀರುವ ಮಿತಿಯೂ ಲಿನಕ್ಸ್‌ನಲ್ಲಿದೆ. ಪ್ರೋಸೆಸ್‌ಗಳನ್ನು ಗುಂಪು ಮಾಡಿ ಮಿತಿ ಹಾಕುವ ಸಿಗ್ರೂಪ್ ಅನ್ನುವ ವ್ಯವಸ್ಥೆಯ ಎರಡನೇ ಆವೃತ್ತಿಯಲ್ಲಿ ‘ಮೆಮೊರಿ ಹೈ’ ಅಂತ ಒಂದು ಗೆರೆ. ಅದನ್ನು ದಾಟಿದರೆ ಕರ್ನಲ್ ಪ್ರೋಸೆಸ್‌ಗಳನ್ನು ಕೊಲ್ಲುವುದಿಲ್ಲ, ವೇಗಕ್ಕೆ ಕಡಿವಾಣ ಹಾಕಿ ಮೆಮೊರಿ ವಾಪಸ್ ಕಿತ್ತುಕೊಳ್ಳಲು ನೋಡುತ್ತದೆ. ಅದರ ಮೇಲಿನ ಗೆರೆ ‘ಮೆಮೊರಿ ಮ್ಯಾಕ್ಸ್’ ಮುಟ್ಟಿ, ಕಿತ್ತುಕೊಳ್ಳಲು ಏನೂ ಉಳಿಯದಿದ್ದರೆ ಮಾತ್ರ, ಮೆಮೊರಿ ಸಾಲದಾದಾಗ ಪ್ರೋಸೆಸ್ ಕೊಲ್ಲುವ ಓಓಎಂ ಕಿಲ್ಲರ್ ಬರುತ್ತದೆ. ಈ ಜೋಡಿಯನ್ನೂ ಕೆಲವರು ಸಾಫ್ಟ್, ಹಾರ್ಡ್ ಅಂತಲೇ ಕರೆಯುತ್ತಾರೆ. ಆದರೆ ಹೈ ಅನ್ನುವುದಕ್ಕೆ ‘ಬೇಲಿ’ ಒಪ್ಪುವುದೇ ಇಲ್ಲ. ಅದು ಎಚ್ಚರಿಕೆಯ ಗೆರೆ, ಕೆರೆಯ ಕೋಡಿಯಂಥದ್ದು.

ಹಾಗಾಗಿ ನನ್ನ ಪ್ರಶ್ನೆ ಎರಡು. ಎರಡು ಜೋಡಿಗೂ ಒಂದೇ ಪದ ಸಾಕೋ, ಬೇರೆ ಬೇರೆ ಬೇಕೋ? ಮತ್ತೆ, ನಿಮ್ಮ ಕಡೆ ಬಾಂದುಕಲ್ಲಿಗೆ ಏನಂತಾರೆ? ಪಾರಿಭಾಷಿಕ ಪದಕೋಶದ್ದು ಬೇಡ, ಹೊಲದಲ್ಲಿ ಆಡುವ ಮಾತೇ ಬೇಕು.